ಬರುವಾತನನ್ನು ಕಾದವರು

ಆಗಮನ ಕಾಲದ ಒಂದು ಸಂಜೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಒಂದು ಕ್ರೈಸ್ತ ಮನೆ ಇದೆಯೆನ್ನೋಣ. ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಒಟ್ಟಾಗಿ ಕುಳಿತು ಪ್ರವಾದಿ ಯೆಶಾಯನ ಗ್ರಂಥದಿಂದ ಒಂದು ಭಾಗವನ್ನು ಓದುತ್ತಾರೆ. ಹೊರಗೆ ಕಟ್ಟೆಯ ಮೇಲೆ ಕುಳಿತ ನೆರೆಮನೆಯ ಅಜ್ಜನೊಬ್ಬನು ಅದನ್ನು ಆಲಿಸಿ, ಓದು ಮುಗಿದ ಬಳಿಕ ಮನೆಯ ಯಜಮಾನನನ್ನು ಕೇಳುತ್ತಾನೆ: “ತಮ್ಮಾ, ನಿಮ್ಮ ಪುಸ್ತಕದಾಗೂ ಕಾಲಜ್ಞಾನ ಐತೇನಪಾ?”

ಈ ಪ್ರಶ್ನೆಗೆ ನೀವು ಏನೆಂದು ಉತ್ತರ ಕೊಡುವಿರಿ? “ಐತಿ” ಎಂದುಬಿಡುವುದು ಸುಲಭ. ಯೆಶಾಯನು, ಮೀಕನು, ಜೆಕರ್ಯನು ಶತಮಾನಗಳ ಹಿಂದೆಯೇ ಯೇಸುಸ್ವಾಮಿಯ ಕುರಿತು ನುಡಿದಿದ್ದರು ಎಂದು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ಆ ಅಜ್ಜನ ಪ್ರಶ್ನೆಯೊಳಗೆ ನಮ್ಮ ಈ ನೆಲದ ಒಂದು ದೊಡ್ಡ ಕಥೆಯೇ ಅಡಗಿದೆ. ಉತ್ತರ ಕರ್ನಾಟಕದ ಸಭೆಯ ಚರಿತ್ರೆಯ ಒಂದು ಅಧ್ಯಾಯವು ಇದೇ ಪ್ರಶ್ನೆಗೆ ಅವಸರದಿಂದ ಕೊಟ್ಟ ಉತ್ತರದ ಫಲವಾಗಿದೆ. ಆ ಚರಿತ್ರೆಯನ್ನು ಒಮ್ಮೆ ನೋಡಿ, ಅನಂತರ ಇಬ್ರಿಯ ಪ್ರವಾದಿಗಳ ಬಳಿಗೆ ಹೋಗೋಣ.

ನಮ್ಮ ನೆಲದ ನಿರೀಕ್ಷೆ

ಬರುವ ದಿನಗಳ ಕುರಿತು ನುಡಿದ ಮಾತಿಗೆ ಕನ್ನಡ ನಾಡಿನಲ್ಲಿ ಬಹು ಹಿಂದಿನಿಂದಲೂ ಗೌರವವಿದೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಕಾರಣಿಕವನ್ನು ನುಡಿಯುತ್ತಾನೆ. ನೆರೆದ ಸಾವಿರಾರು ಜನರು ಅದನ್ನು ಮನೆಗೊಯ್ದು, ರೈತನು ಮಳೆಬೆಳೆಗೂ, ವ್ಯಾಪಾರಿಯು ಪೇಟೆಯ ಧಾರಣೆಗೂ, ರಾಜಕಾರಣಿಯು ಗಾದಿಗೂ ಅನ್ವಯಿಸಿಕೊಳ್ಳುತ್ತಾರೆ. ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನ ವಚನಗಳು ಇಂದಿಗೂ ಭಕ್ತರ ನಾಲಿಗೆಯ ಮೇಲಿವೆ.

ಈ ಕಾಲಜ್ಞಾನ ಪರಂಪರೆಯ ಹಿಂದೆ ಒಂದು ಗಾಯದ ನೆನಪಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ಕಟ್ಟಿದ ಬಾಳು ಬಿಜ್ಜಳನ ಅಂತ್ಯದೊಂದಿಗೆ ಚದುರಿಹೋಯಿತು. ಕಳೆದುಹೋದ ಕಲ್ಯಾಣವು ಮತ್ತೆ ಬರುವುದು, ಚೆನ್ನಬಸವಣ್ಣನು ಮರಳಿ ಬರುವನು, ವೀರವಸಂತರಾಯನೆಂಬ ಅರಸನು ಧರ್ಮದಿಂದ ಆಳುವನು ಎಂಬ ನಿರೀಕ್ಷೆಯು ಓಲೆಗರಿಗಳಲ್ಲಿ, ಹಾಡುಗಳಲ್ಲಿ, ನುಡಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತು. ಯೆರೂಸಲೇಮಿನ ನಾಶವನ್ನು ಕಂಡು ದಾವೀದನ ವಂಶದ ಅರಸನಿಗಾಗಿ ಕಾದ ಯೆಹೂದ್ಯರನ್ನು ಬಲ್ಲ ನಮಗೆ ಈ ನಿರೀಕ್ಷೆಯು ಅಪರಿಚಿತವೆನಿಸದು. ಕಳೆದುಕೊಂಡವರಲ್ಲಿ ಇಂಥ ಕಾಯುವಿಕೆ ಸಹಜವಾಗಿ ಹುಟ್ಟುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭವು ಈ ಸೀಮೆಗೆ ಮತ್ತೊಂದು ಕಳೆದುಕೊಳ್ಳುವ ಕಾಲವಾಗಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಸೇರಿತು. 1824ರಲ್ಲಿ ಕಿತ್ತೂರು ಬಿದ್ದಿತು. 1831ರಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದನು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಅರಸರಾಗಿ ಉಳಿದರಾದರೂ ಅವರ ಮೇಲೆ ಕಂಪನಿಯ ಕಣ್ಣಿತ್ತು. ಹಳೆಯ ಅರಸರು ಹೋದರು, ಹೊಸ ತೆರಿಗೆಗಳು ಬಂದವು. ಇಂಥ ಹೊತ್ತಿನಲ್ಲಿ ಹಳೆಯ ನುಡಿಗಳು ಹೊಸ ಕಿವಿಗಳನ್ನು ಪಡೆಯುತ್ತವೆ.

ಮಲ್ಲಸಮುದ್ರದ ಪಾಠ

ಬಾಸೆಲ್ ಮಿಷನ್ನಿನ ಸೇವಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಅವರ ಕಾರ್ಯಕ್ಷೇತ್ರಗಳಾದವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದೀರ್ಘ ಪರಿಶ್ರಮದಿಂದ 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿ ಇನ್ನೂ ಹತ್ತು ವರ್ಷಗಳೂ ಆಗಿರಲಿಲ್ಲ. ಆಗ ಈ ಸೇವಕರಿಗೆ ಕಾಲಜ್ಞಾನಿಗಳೆಂದು ಕರೆಯಲ್ಪಡುತ್ತಿದ್ದ, ಲಿಂಗಾಯತ ಹಿನ್ನೆಲೆಯ ಜನರ ಪರಿಚಯವಾಯಿತು. ತಮ್ಮ ಗ್ರಂಥಗಳಲ್ಲಿ ಹೇಳಿರುವ ಬರುವ ಗುರುಗಳು ಇವರೇ ಇರಬಹುದೆಂಬ ಭಾವನೆ ಅವರಲ್ಲಿ ಕೆಲವರಿಗೆ ಉಂಟಾಯಿತು. ಸಾವಿರಾರು ಜನರು ಕ್ರಿಸ್ತನ ಮಾರ್ಗವನ್ನು ಸೇರಲು ಸಿದ್ಧರಿದ್ದಾರೆಂಬ ವರ್ತಮಾನವು ಮಿಷನರಿಗಳ ಕಿವಿಗೆ ಬಿದ್ದಿತು.

ಅವರ ಆನಂದವನ್ನು ನೀವು ಊಹಿಸಬಹುದು. ಮುಂದೆ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ತಳಹದಿ ಹಾಕಿದ ಹರ್ಮನ್ ಮೋಗ್ಲಿಂಗ್ ಅವರೂ ಈ ಚಳವಳಿಯಲ್ಲಿ ಬಹಳ ಭರವಸೆಯಿಟ್ಟಿದ್ದರು. ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಭೂಮಿ ಪಡೆದು, ಬರಲಿರುವ ಕಾಲಜ್ಞಾನಿಗಳಿಗಾಗಿ 1841ರ ಸುಮಾರಿಗೆ ಒಂದು ಕೃಷಿ ವಸಾಹತನ್ನು ಸ್ಥಾಪಿಸಲಾಯಿತು. ಅದೇ ಕಾಲದಲ್ಲಿ ಬೆಟಗೇರಿಯಲ್ಲಿಯೂ ಮಿಷನ್ನಿನ ಕಾರ್ಯ ಆರಂಭವಾಯಿತು.

ಆದರೆ ಸಾವಿರಾರು ಜನರು ಬರಲಿಲ್ಲ. ಬಂದವರು ಕೆಲವರೇ. ವಸಾಹತಿನ ಕನಸು ಕೆಲವೇ ವರ್ಷಗಳಲ್ಲಿ ಬಾಡಿತು. ಕಾಲಜ್ಞಾನಿಗಳು ಕಾದಿದ್ದ ಅರಸನು ಈ ಬಿಳಿಯ ಬೋಧಕರ ಮಾತಿನಲ್ಲಿ ಸಿಗಲಿಲ್ಲ. ಬೋಧಕರು ಕಾದಿದ್ದ ಸುಗ್ಗಿಯೂ ಆ ಹೊಲದಲ್ಲಿ ಸಿಗಲಿಲ್ಲ. ಬೆಟಗೇರಿಯಲ್ಲಿ, ಮುಂದೆ ಗುಳೇದಗುಡ್ಡದಲ್ಲಿ, ನೇಕಾರರ ಓಣಿಗಳ ನಡುವೆ ಸಭೆಗಳು ಬೇರೂರಿದವು. ಆದರೆ ಅವು ಬೇರೂರಿದ್ದು ಓಲೆಗರಿಯ ನುಡಿ ಕೈಗೂಡಿದ್ದರಿಂದಲ್ಲ. ಶಾಲೆ, ಆರೈಕೆ, ಕಷ್ಟಕಾಲದ ಸಾಂಗತ್ಯ ಮತ್ತು ವಾಕ್ಯೋಪದೇಶದ ನಿಧಾನವಾದ ದಾರಿಯಿಂದ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಬಾಸೆಲ್ ಮಿಷನ್ನಿನ ಬಹುಮಂದಿ ಸೇವಕರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿಪರ ಸಮುದಾಯದಿಂದ ಬಂದವರು. ಆ ಪ್ರಾಂತದಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಮಹಾ ವಿದ್ವಾಂಸರಿದ್ದರು (1687–1752). ಗ್ರೀಕ್ ಹೊಸ ಒಡಂಬಡಿಕೆಯ ಪಾಠಪರಿಷ್ಕರಣೆಯಲ್ಲಿ ಅವರ ಹೆಸರು ಇಂದಿಗೂ ಗೌರವದ್ದು. ಅಂಥವರು ಸಹ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿಸಿ ಕಳೆದು, 1836ರಲ್ಲಿ ಮಹಾ ಪರಿವರ್ತನೆಯಾಗಿ ಕ್ರಿಸ್ತನ ಸಹಸ್ರವರ್ಷದ ಕಾಲವು ಆರಂಭವಾಗುವುದೆಂದು ಲೆಕ್ಕಹಾಕಿದ್ದರು. 1836 ಬಂದಿತು, ಹೋಯಿತು. ಮೋಗ್ಲಿಂಗರು ಭಾರತಕ್ಕೆ ಬಂದದ್ದು ಅದೇ 1836ರಲ್ಲಿ. ಮಲ್ಲಸಮುದ್ರದ ವಸಾಹತು ಬಾಡುತ್ತಿದ್ದ ಕಾಲಕ್ಕೆ ಅಮೇರಿಕಾದಲ್ಲಿ ವಿಲಿಯಂ ಮಿಲ್ಲರರ ಅನುಯಾಯಿಗಳು ದಾನಿಯೇಲನ ಗ್ರಂಥವನ್ನು ಲೆಕ್ಕಹಾಕಿ, 1844ರ ಅಕ್ಟೋಬರ್ 22ರಂದು ಕರ್ತನು ಬರುವನೆಂದು ಕಾದು ಕುಳಿತರು. ಮರುದಿನ ಎಂದಿನಂತೆ ಬೆಳಗಾಯಿತು.

ಆದುದರಿಂದ ಕಾಲಜ್ಞಾನಿಗಳನ್ನು ಮುಗ್ಧರೆಂದು ಹೇಳಿ ನಾವು ನಗುವಂತಿಲ್ಲ. ಓಲೆಗರಿಯನ್ನು ಹಿಡಿದವರೂ ಸತ್ಯವೇದವನ್ನು ಹಿಡಿದವರೂ ಒಂದೇ ತಪ್ಪನ್ನು ಮಾಡಿದರು. ತಮ್ಮ ಅಗತ್ಯವನ್ನು ಮೊದಲು ನಿಶ್ಚಯಿಸಿಕೊಂಡು ಆ ಬಳಿಕ ಗ್ರಂಥವನ್ನು ತೆರೆದರು. ಗ್ರಂಥವೂ ಅವರಿಗೆ ಬೇಕಾದುದನ್ನೇ ಹೇಳಿದಂತೆ ಕಂಡಿತು.

ಪ್ರವಾದಿ ಎಂದರೆ ಯಾರು?

ಹಾಗಾದರೆ ಇಬ್ರಿಯ ಪ್ರವಾದಿಯು ಕಾಲಜ್ಞಾನಿಯಲ್ಲವೇ? ಅವನು ಬರುವುದನ್ನು ನುಡಿಯುತ್ತಾನೆ ನಿಜ. ಆದರೆ ಅದು ಅವನ ಮೊದಲ ಕೆಲಸವಲ್ಲ. ಅವನು ದೇವರ ಪರವಾಗಿ ತನ್ನ ಕಾಲದ ಜನರ ಮುಖಕ್ಕೆ ಮಾತನಾಡುವವನು. ಅಳತೆಯಲ್ಲಿ ಮೋಸ, ನ್ಯಾಯಸ್ಥಾನದಲ್ಲಿ ಲಂಚ, ವಿಧವೆಯ ಕಣ್ಣೀರು, ಪೂಜೆಯಲ್ಲಿ ಕಪಟ ಇವೇ ಅವನ ವಿಷಯಗಳು. ಬರುವ ದಿನದ ಮಾತನ್ನು ಅವನು ಆಡುವುದು ಇಂದಿನ ದಿನ ಬದಲಾಗಲೆಂದು.

ಯೋನನನ್ನು ನೆನೆಯಿರಿ. ನಲವತ್ತು ದಿನಗಳಲ್ಲಿ ನಿನೆವೆಯು ನಾಶವಾಗುವುದೆಂದು ಅವನು ಸಾರಿದನು. ನಲವತ್ತು ದಿನಗಳಾದವು, ನಿನೆವೆಯು ಹಾಗೆಯೇ ಉಳಿಯಿತು. ಜನರು ಪಶ್ಚಾತ್ತಾಪಪಟ್ಟಿದ್ದರು. ಭವಿಷ್ಯವಾಣಿಯೆಂದು ನೋಡಿದರೆ ಅವನ ಮಾತು ಸುಳ್ಳಾಯಿತು. ದೇವರ ಕರೆಯೆಂದು ನೋಡಿದರೆ ಅದು ಸಂಪೂರ್ಣವಾಗಿ ಸಫಲವಾಯಿತು. ಯೋನನಿಗೆ ಅದು ಅರ್ಥವಾಗದೆ ಮುನಿಸಿಕೊಂಡು ಕುಳಿತನು.

ಯೆರೆಮೀಯನ ಗ್ರಂಥದಲ್ಲಿ ಹನನ್ಯನೆಂಬ ಮತ್ತೊಬ್ಬ ಪ್ರವಾದಿಯಿದ್ದಾನೆ. ಎರಡೇ ವರ್ಷಗಳಲ್ಲಿ ಬಾಬೆಲಿನ ನೊಗ ಮುರಿಯುವುದೆಂದು ಅವನು ಜನರಿಗೆ ಅವಧಿಯನ್ನು ಹೇಳಿದನು. ಜನರಿಗೆ ಬೇಕಾಗಿದ್ದುದೂ ಅದೇ. ಯೆರೆಮೀಯನಾದರೋ ಸೆರೆಹೋದವರಿಗೆ ಪತ್ರ ಬರೆದು, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳನ್ನು ಬೆಳೆಸಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಇದು ಎಪ್ಪತ್ತು ವರ್ಷಗಳ ಮಾತು ಎಂಬ ಅರ್ಥದಲ್ಲಿ ತಿಳಿಸಿದನು. ಆ ಪತ್ರವನ್ನು ಓದಿದವರಲ್ಲಿ ಬಹುಮಂದಿ ಬಿಡುಗಡೆಯನ್ನು ಕಾಣಲಾರರು. ಆದರೂ ಅದು ನಿರೀಕ್ಷೆಯ ಪತ್ರವಾಗಿತ್ತು. ಹತ್ತಿರದ ತಾರೀಖನ್ನು ಹೇಳಿ ಸಂತೈಸಿದವನು ಸುಳ್ಳು ಪ್ರವಾದಿಯೆನಿಸಿದನು. ತಾಳ್ಮೆಯನ್ನು ಕಲಿಸಿದವನು ನಿಜ ಪ್ರವಾದಿಯೆನಿಸಿದನು.

ಅಭಿಷಿಕ್ತನ ಕನಸು

‘ಮೆಸ್ಸೀಯ’ ಎಂಬ ಇಬ್ರಿಯ ಪದಕ್ಕೆ ಎಣ್ಣೆಯಿಂದ ಅಭಿಷೇಕ ಹೊಂದಿದವನು ಎಂದರ್ಥ. ಅದರ ಗ್ರೀಕ್ ರೂಪವೇ ‘ಕ್ರಿಸ್ತ’. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಅರಸರನ್ನು ಕಂಡ ಜಮಖಂಡಿ, ಮುಧೋಳದ ಜನರಿಗೆ ಪಟ್ಟಾಭಿಷೇಕವೆಂಬ ಮಾತಿನ ತೂಕ ತಿಳಿದಿತ್ತು. ಇಸ್ರಾಯೇಲಿನಲ್ಲಿ ಈ ಪದವು ಮೊದಲು ಮುಂದೆ ಬರುವ ಯಾರಿಗೋ ಮೀಸಲಾಗಿರಲಿಲ್ಲ. ಸೌಲನು, ದಾವೀದನು, ಮಹಾಯಾಜಕನು, ಇವರೆಲ್ಲರೂ ಅಭಿಷಿಕ್ತರೇ. ಯೆಶಾಯನ ಗ್ರಂಥದ 45ನೆಯ ಅಧ್ಯಾಯದಲ್ಲಿ ಅನ್ಯಜನಾಂಗದ ಪಾರಸಿಯ ಅರಸ ಕೋರೆಷನಿಗೂ ಈ ಹೆಸರು ಸಲ್ಲುತ್ತದೆ. ಸೆರೆಯಲ್ಲಿದ್ದ ಯೆಹೂದ್ಯರನ್ನು ಕ್ರಿ.ಪೂ. 538ರ ಸುಮಾರಿಗೆ ಮನೆಗೆ ಕಳುಹಿಸಿದವನು ಅವನೇ.

ನಿರೀಕ್ಷೆಯು ಬೆಳೆದದ್ದು ನಿರಾಶೆಯ ಮೂಲಕ. ದಾವೀದನ ಸಿಂಹಾಸನವು ನಿತ್ಯವಾಗಿರುವುದೆಂದು ನಾತಾನನು ನುಡಿದಿದ್ದನು. ಅನಂತರ ಬಂದ ಅರಸರಲ್ಲಿ ಹೆಚ್ಚಿನವರು ಜನರನ್ನು ನಿರಾಶೆಗೊಳಿಸಿದರು. ಕ್ರಿ.ಪೂ. 587ರ ಸುಮಾರಿಗೆ ಯೆರೂಸಲೇಮು ಸುಟ್ಟುಹೋಯಿತು, ಸಿಂಹಾಸನವೇ ಇಲ್ಲವಾಯಿತು. ಆಗ ಆ ವಾಗ್ದಾನಕ್ಕೆ ಎರಡೇ ದಾರಿಗಳಿದ್ದವು. ಅದು ಸುಳ್ಳೆನ್ನಬೇಕು, ಇಲ್ಲವೇ ಅದು ನಾವು ತಿಳಿದುದಕ್ಕಿಂತ ದೊಡ್ಡದೆನ್ನಬೇಕು. ಇಸ್ರಾಯೇಲು ಎರಡನೆಯದನ್ನು ಆರಿಸಿಕೊಂಡಿತು. ನ್ಯಾಯದಿಂದ ಆಳುವ ಚಿಗುರು, ಬೇತ್ಲೆಹೇಮಿನಿಂದ ಬರುವ ಕುರುಬ, ಯುದ್ಧದ ಕುದುರೆಯನ್ನು ಬಿಟ್ಟು ಕತ್ತೆಯನ್ನೇರಿ ಬರುವ ಅರಸ, ಹೀಗೆ ಆ ಕನಸಿಗೆ ಬೇರೆಬೇರೆ ಬಣ್ಣಗಳು ಬಂದವು.

ಯೇಸುಸ್ವಾಮಿಯ ಕಾಲಕ್ಕೆ ಈ ನಿರೀಕ್ಷೆಗೆ ಒಂದೇ ರೂಪವಿರಲಿಲ್ಲ. ಲವಣ ಸಮುದ್ರದ ತೀರದ ಕುಮ್ರಾನಿನಲ್ಲಿ ದೊರೆತ ಬರಹಗಳಲ್ಲಿ ಆರೋನನ ವಂಶದ ಯಾಜಕನಾದ ಒಬ್ಬ ಅಭಿಷಿಕ್ತನೂ ಅರಸನಾದ ಇನ್ನೊಬ್ಬ ಅಭಿಷಿಕ್ತನೂ ಕಾಣುತ್ತಾರೆ. ರೋಮನರನ್ನು ಓಡಿಸುವ ಸೇನಾನಿಯನ್ನು ಕೆಲವರು ಕಾದಿದ್ದರು. ಶಿಲುಬೆಗೇರುವ ಮೆಸ್ಸೀಯನನ್ನು ಕಾದವರು ಇದ್ದರೆಂದು ಹೇಳುವುದು ಕಷ್ಟ.

ಮೂರು ಭಾಗಗಳು

ಈಗ ನಾವು ಆಗಮನ ಕಾಲದಲ್ಲಿ ಕೇಳುವ ಭಾಗಗಳಿಗೆ ಬರೋಣ. ಮೊದಲನೆಯದು ಯೆಶಾಯನ 7ನೆಯ ಅಧ್ಯಾಯ. ಕ್ರಿ.ಪೂ. 735ರ ಸುಮಾರು, ಅರಾಮಿನ ರೆಚೀನನೂ ಇಸ್ರಾಯೇಲಿನ ಪೆಕಹನೂ ಕೂಡಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಿದ್ದಾರೆ. ಅರಸನಾದ ಆಹಾಜನು ನಡುಗುತ್ತಿದ್ದಾನೆ. ಒಬ್ಬ ಯುವತಿಯು ಮಗನನ್ನು ಹೆರುವಳು, ಅವನಿಗೆ ಇಮ್ಮಾನುವೇಲನೆಂಬ ಹೆಸರಿಡುವಳು, ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವುದರೊಳಗೆ ಈ ಇಬ್ಬರು ಅರಸರ ದೇಶವು ಪಾಳುಬೀಳುವುದು ಎಂಬ ಗುರುತನ್ನು ಪ್ರವಾದಿಯು ಕೊಡುತ್ತಾನೆ. ಕ್ರಿ.ಪೂ. 732ರಲ್ಲಿ ದಮಸ್ಕವು ಅಶ್ಶೂರರ ಕೈಗೆ ಬಿದ್ದಿತು. ಹತ್ತು ವರ್ಷಗಳಲ್ಲಿ ಸಮಾರ್ಯವೂ ಬಿದ್ದಿತು. ಆದುದರಿಂದ ಆ ಮಾತು ಮೊದಲು ಆಹಾಜನಿಗಾಗಿಯೇ ಆಡಿದ್ದು.

ಇಬ್ರಿಯದಲ್ಲಿ ಇಲ್ಲಿರುವ ಪದ ‘ಅಲ್ಮಾ’. ಹರೆಯದ ಹೆಣ್ಣು ಎಂದರ್ಥ. ನಮ್ಮ ಕಡೆ “ಕನ್ಯಾ ನೋಡಾಕ ಹೋಗ್ಯಾರ” ಎನ್ನುವಾಗ ಮದುವೆಯ ವಯಸ್ಸಿನ ಹುಡುಗಿ ಎಂಬಷ್ಟೇ ಭಾವವಿರುತ್ತದಲ್ಲವೇ, ಹಾಗೆ. ಕ್ರಿಸ್ತನಿಗಿಂತ ಒಂದು ಶತಮಾನಕ್ಕೂ ಹಿಂದೆ ಯೆಹೂದ್ಯ ಪಂಡಿತರೇ ಯೆಶಾಯನನ್ನು ಗ್ರೀಕಿಗೆ ತಂದಾಗ ‘ಪಾರ್ಥೆನೋಸ್’ ಎಂಬ ಪದವನ್ನು ಬಳಸಿದರು. ಅದಕ್ಕೆ ಪುರುಷನನ್ನರಿಯದ ಕನ್ಯೆ ಎಂಬ ಅರ್ಥ ಹೆಚ್ಚು ಸ್ಪಷ್ಟ. ಸಂತ ಮತ್ತಾಯನು ಮರಿಯಳ ಕಥೆಯನ್ನು ಹೇಳುವಾಗ ಈ ಗ್ರೀಕ್ ಪಾಠವನ್ನೇ ಹಿಡಿದನು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಕ್ವಿಲನೆಂಬ ಯೆಹೂದ್ಯ ಅನುವಾದಕನು ಅದನ್ನು ಬಿಟ್ಟು ‘ಯುವತಿ’ ಎಂಬರ್ಥದ ಬೇರೆ ಗ್ರೀಕ್ ಪದವನ್ನು ಬಳಸಿದನು. ಒಂದು ಪದದ ಮೇಲಿನ ವಾದ ಅಂದಿನಿಂದ ನಡೆದು ಬಂದಿದೆ. ಆದರೆ ಕನ್ಯೆಯಲ್ಲಿ ಕ್ರಿಸ್ತನ ಜನನವೆಂಬ ನಮ್ಮ ವಿಶ್ವಾಸವು ಈ ಒಂದು ಪದದ ಮೇಲೆ ನಿಂತಿಲ್ಲ. ಅದು ಮತ್ತಾಯನ ಮತ್ತು ಲೂಕನ ಸುವಾರ್ತೆಗಳ ಸಾಕ್ಷಿಯ ಮೇಲೆ ನಿಂತಿದೆ. ಆಹಾಜನ ಕಾಲದಲ್ಲಿ ‘ದೇವರು ನಮ್ಮೊಂದಿಗೆ’ ಎಂದು ಹೆಸರಾದ ಗುರುತು ಯೇಸುವಿನಲ್ಲಿ ತುಂಬಿ ಹರಿಯಿತು ಎಂದು ಮತ್ತಾಯನು ಕಂಡನು.

ಎರಡನೆಯದು ಹೋಶೇಯನ 11ನೆಯ ಅಧ್ಯಾಯ. ಐಗುಪ್ತದಿಂದ ತನ್ನ ಮಗನನ್ನು ಕರೆದೆನೆಂದು ದೇವರು ಅಲ್ಲಿ ನೆನಪಿಸಿಕೊಳ್ಳುತ್ತಾನೆ. ಅದು ಮುಂದೆ ನಡೆಯುವುದರ ಮಾತೇ ಅಲ್ಲ. ನೂರಾರು ವರ್ಷಗಳ ಹಿಂದೆ ಇಸ್ರಾಯೇಲ್ಯರು ದಾಸತ್ವದಿಂದ ಹೊರಬಂದುದರ ನೆನಪು. ಆದರೂ ಬಾಲಯೇಸುವು ಐಗುಪ್ತದಿಂದ ಮರಳುವುದನ್ನು ಹೇಳುವಾಗ ಮತ್ತಾಯನು ಆ ಮಾತು ನೆರವೇರಿತೆನ್ನುತ್ತಾನೆ. ಇಲ್ಲಿ ‘ನೆರವೇರಿತು’ ಎಂದರೆ ಮೊದಲೇ ಹೇಳಿದ ಲೆಕ್ಕ ಸರಿಹೋಯಿತು ಎಂದಲ್ಲ. ಇಸ್ರಾಯೇಲಿನ ಇಡೀ ಬಾಳು ಈ ಒಬ್ಬ ಮಗನಲ್ಲಿ ಮತ್ತೆ ನಡೆಯಿತು, ತನ್ನ ಪೂರ್ಣತೆಗೆ ಬಂದಿತು ಎಂದರ್ಥ. ‘ನೆರವೇರಿಕೆ’ ಎಂಬ ಮಾತನ್ನು ಸುವಾರ್ತಿಕನು ಎಷ್ಟು ವಿಶಾಲವಾಗಿ ಬಳಸುತ್ತಾನೆಂಬುದಕ್ಕೆ ಇದೊಂದು ಸಾಕು.

ಮೂರನೆಯದು ಯೆಶಾಯನ 53ನೆಯ ಅಧ್ಯಾಯದ ನೊಂದ ಸೇವಕನ ಚಿತ್ರ. ಜನರ ದ್ರೋಹಗಳಿಗಾಗಿ ಗಾಯಗೊಂಡು, ವಧೆಗೆ ಒಯ್ಯುವ ಕುರಿಯಂತೆ ಬಾಯಿತೆರೆಯದವನು. ಇದನ್ನು ಕ್ರೈಸ್ತರೇ ಬಳಿಕ ಸೇರಿಸಿದರೆಂದು ಯಾರೂ ಹೇಳುವಂತಿಲ್ಲ. 1947ರಲ್ಲಿ ಕುಮ್ರಾನಿನ ಗುಹೆಯಲ್ಲಿ ದೊರೆತ ಯೆಶಾಯನ ಚರ್ಮದ ಸುರುಳಿಯು ಕ್ರಿಸ್ತನಿಗಿಂತ ನೂರು ವರ್ಷಕ್ಕೂ ಹಿಂದಿನದು. 7 ಮೀಟರಿಗಿಂತ ಉದ್ದವಾದ ಆ ಸುರುಳಿಯ 54 ಅಂಕಣಗಳಲ್ಲಿ ಈ ಅಧ್ಯಾಯವೂ ಇದೆ. ಆದರೆ ಆ ಸೇವಕನು ಯಾರು? ಇದೇ ಗ್ರಂಥದ 49ನೆಯ ಅಧ್ಯಾಯವು ಸೇವಕನನ್ನು ಇಸ್ರಾಯೇಲೆಂದು ಕರೆಯುತ್ತದೆ. ಯೆಹೂದ್ಯರಲ್ಲಿ ಬಹುಮಂದಿ ಇದನ್ನು ನೊಂದ ತಮ್ಮ ಜನಾಂಗದ ಚಿತ್ರವೆಂದೇ ಓದುತ್ತಾರೆ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿಯು ರಥದಲ್ಲಿ ಕುಳಿತು ಇದೇ ಭಾಗವನ್ನು ಓದುತ್ತಾ, ಪ್ರವಾದಿಯು ಇದನ್ನು ತನ್ನ ಕುರಿತು ಹೇಳಿದನೋ ಮತ್ತೊಬ್ಬನ ಕುರಿತೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಆ ಪ್ರಾಮಾಣಿಕ ಪ್ರಶ್ನೆಯನ್ನು ಫಿಲಿಪ್ಪನು ಗದರಿಸಲಿಲ್ಲ. ಅಲ್ಲಿಂದಲೇ ಆರಂಭಿಸಿ ಯೇಸುವಿನ ಸುವಾರ್ತೆಯನ್ನು ತಿಳಿಸಿದನು.

ಎಮ್ಮಾಹುವಿನ ದಾರಿಯಲ್ಲಿ

ಹಾಗಾದರೆ ಕ್ರೈಸ್ತನು ಪ್ರವಾದನೆಯನ್ನು ಓದುವ ಸರಿಯಾದ ಬಗೆ ಯಾವುದು? ಅದನ್ನು ಕರ್ತನೇ ಕಲಿಸಿದ್ದಾನೆ. ಲೂಕನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಎಮ್ಮಾಹುವಿಗೆ ಹೊರಟಿದ್ದಾರೆ. ಇಸ್ರಾಯೇಲನ್ನು ಬಿಡಿಸುವವನು ಆತನೇ ಎಂದು ತಾವು ನಿರೀಕ್ಷಿಸಿದ್ದೆವೆಂದು ಅವರು ಅಪರಿಚಿತನೊಬ್ಬನ ಮುಂದೆ ದುಃಖಿಸುತ್ತಾರೆ. ಕಾಲಜ್ಞಾನಿಗಳೂ ಮಲ್ಲಸಮುದ್ರದಲ್ಲಿ ಹೊಲ ಹಸನುಮಾಡಿ ಕಾದವರೂ ಇದೇ ಮಾತನ್ನು ಆಡಬಹುದಿತ್ತು.

ಗಮನಿಸಿರಿ: ಆ ಶಿಷ್ಯರಿಗೆ ಪ್ರವಾದಿಗಳ ಗ್ರಂಥವು ಮೊದಲೇ ತಿಳಿದಿತ್ತು. ಆದರೂ ಅದನ್ನು ಓದಿ ಅವರು ಶಿಲುಬೆಯನ್ನು ಊಹಿಸಲಿಲ್ಲ. ಪುನರುತ್ಥಾನನಾದ ಕ್ರಿಸ್ತನು ಜೊತೆಯಲ್ಲಿ ನಡೆದು ಮೋಶೆ ಮೊದಲ್ಗೊಂಡು ಎಲ್ಲವನ್ನೂ ವಿವರಿಸಿದ ಮೇಲೆಯೇ ಅವರ ಹೃದಯವು ಕುದಿಯಿತು. ಆತನು ರೊಟ್ಟಿ ಮುರಿದಾಗಲೇ ಅವರ ಕಣ್ಣು ತೆರೆಯಿತು. ಕ್ರೈಸ್ತನ ಓದು ಮುಂದಿನಿಂದ ಹಿಂದಕ್ಕೆ ನೋಡುವ ಓದು. ಕ್ರಿಸ್ತನನ್ನು ಕಂಡವನು ಹಳೆಯ ಒಡಂಬಡಿಕೆಗೆ ಮರಳಿ ಹೋದಾಗ, ಅಲ್ಲಿ ಎಲ್ಲ ಕಡೆಯೂ ಆತನ ನೆರಳನ್ನು ಕಾಣುತ್ತಾನೆ. ಲೆಕ್ಕಹಾಕಿ ಕ್ರಿಸ್ತನನ್ನು ತಲುಪಿದವರು ಯಾರೂ ಇಲ್ಲ. ಕ್ರಿಸ್ತನನ್ನು ತಲುಪಿದವರಿಗೆ ಗ್ರಂಥವು ತೆರೆದಿದೆ.

ಆ ಗ್ರಂಥದ ಜೋಡಣೆಯಲ್ಲಿಯೇ ಈ ವ್ಯತ್ಯಾಸವು ಕಾಣುತ್ತದೆ. ಯೆಹೂದ್ಯರ ಪವಿತ್ರ ಗ್ರಂಥವು ಪೂರ್ವಕಾಲವೃತ್ತಾಂತದಿಂದ, ಅಂದರೆ ಯೆರೂಸಲೇಮಿಗೆ ಮರಳಿರೆಂಬ ಕೋರೆಷನ ಅಪ್ಪಣೆಯಿಂದ ಮುಗಿಯುತ್ತದೆ. ನಮ್ಮ ಹಳೆಯ ಒಡಂಬಡಿಕೆಯು ಮಲಾಕಿಯನಿಂದ, ಎಲೀಯನು ಬರುವನೆಂಬ ಮಾತಿನಿಂದ ಮುಗಿಯುತ್ತದೆ. ಬಹುತೇಕ ಅವೇ ಗ್ರಂಥಗಳು; ಒಂದು ಮನೆಯ ಕಡೆಗೆ ಮುಖಮಾಡಿ ನಿಂತಿದೆ, ಇನ್ನೊಂದು ಬರುವಾತನ ಕಡೆಗೆ.

ಅಣ್ಣನ ಮನೆಯ ಗೌರವ

ಇದನ್ನು ಮರೆತಾಗ ಸಭೆಯು ದೊಡ್ಡ ಪಾಪಕ್ಕೆ ಬಿದ್ದಿದೆ. ‘ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಯೆಹೂದ್ಯರು ನಂಬಲಿಲ್ಲ, ಆದುದರಿಂದ ಅವರು ಹಟಮಾರಿಗಳು’ ಎಂಬ ಬೋಧನೆಯು ಶತಮಾನಗಳ ಕಾಲ ಯೂರೋಪಿನಲ್ಲಿ ದ್ವೇಷವನ್ನು ಬೆಳೆಸಿತು. ಆ ದ್ವೇಷದ ನೆಲದಲ್ಲಿಯೇ ಹಿಟ್ಲರನ ಕಾಲದ ಸಂಹಾರವೂ ನಡೆಯಿತು. ಯೆಹೂದ್ಯರಿಗೂ ತಮ್ಮ ನಿರಾಶೆಯ ಚರಿತ್ರೆಯಿದೆ. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ಎದ್ದ ಸೇನಾನಿಯನ್ನು ರಬ್ಬಿ ಅಕಿವನೇ ಮೆಸ್ಸೀಯನೆಂದು ಕರೆದನೆಂದು ಪರಂಪರೆ ಹೇಳುತ್ತದೆ. ಅರಣ್ಯಕಾಂಡದ ನಕ್ಷತ್ರದ ಮಾತನ್ನು ಹಿಡಿದು ಅವನಿಗೆ ಬರ್ ಕೊಖ್ಬ, ಅಂದರೆ ನಕ್ಷತ್ರದ ಮಗ, ಎಂಬ ಹೆಸರಾಯಿತು. 135ರಲ್ಲಿ ಆ ಬಂಡಾಯವು ರಕ್ತದಲ್ಲಿ ಮುಳುಗಿತು. ಆದರೂ ಆ ಜನಾಂಗವು ಕಾಯುವುದನ್ನು ಬಿಡಲಿಲ್ಲ.

ವ್ಯಾಟಿಕನ್ನಿನ ಬೈಬಲ್ ಆಯೋಗವು 2001ರಲ್ಲಿ ಪ್ರಕಟಿಸಿದ ದಾಖಲೆಯಲ್ಲಿ, ಯೆಹೂದ್ಯರ ಓದು ಸಹ ಸಾಧ್ಯವಾದ ಓದೇ, ಅವರ ಮೆಸ್ಸೀಯ ನಿರೀಕ್ಷೆಯು ವ್ಯರ್ಥವಲ್ಲ ಎಂಬ ಅಭಿಪ್ರಾಯವಿದೆ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ನಮ್ಮನ್ನು ಕಾಡುಮರದಿಂದ ತಂದು ಒಳ್ಳೆಯ ಎಣ್ಣೆಮರಕ್ಕೆ ಕಸಿಮಾಡಿದ ಕೊಂಬೆಗಳಿಗೆ ಹೋಲಿಸುತ್ತಾನೆ. ದ್ರಾಕ್ಷಿ ಬೆಳೆಯುವ ನಮ್ಮ ಸೀಮೆಯ ರೈತರಿಗೆ ಕಸಿಯ ಮರ್ಮ ಹೊಸದಲ್ಲ. ಕಸಿಯ ಕೊಂಬೆಯು ಎಷ್ಟೇ ಹಣ್ಣು ಬಿಟ್ಟರೂ ಬೇರನ್ನು ಹೊತ್ತಿರುವುದು ಅದಲ್ಲ. ಬೇರೇ ಅದನ್ನು ಹೊತ್ತಿದೆ. ಇಬ್ರಿಯ ಗ್ರಂಥವನ್ನು ನಾವು ಓದುವಾಗ ಅಣ್ಣನ ಮನೆಗೆ ಹೋದ ತಮ್ಮನ ವಿನಯ ನಮ್ಮಲ್ಲಿರಬೇಕು.

ಅಜ್ಜನಿಗೆ ಉತ್ತರ

ಪ್ರಿಯ ವಾಚಕರೇ, ಸಾವಳಗಿಯ ಕಟ್ಟೆಯ ಮೇಲೆ ಆ ಅಜ್ಜನು ಇನ್ನೂ ಕುಳಿತಿದ್ದಾನೆ. ಇಂದು ನಮ್ಮ ಮನೆಗಳಿಗೂ ಲೋಕಾಂತ್ಯದ ತಾರೀಖು ಹೇಳುವ ಕರಪತ್ರಗಳು ಬರುತ್ತವೆ. ಮೊಬೈಲಿನಲ್ಲಿ ಅಂಥ ಬೋಧನೆಗಳು ಹಗಲಿರುಳು ಹರಿದಾಡುತ್ತವೆ. ಸುದ್ದಿಪತ್ರಿಕೆಯ ಪ್ರತಿಯೊಂದು ಯುದ್ಧಕ್ಕೂ ದಾನಿಯೇಲನಲ್ಲಿ ಒಂದು ವಚನವನ್ನು ತೋರಿಸುವವರಿದ್ದಾರೆ. ಅವರ ಮಾತಿಗೆ ಹೆದರಿ ಹೊಲ ಮಾರಿಕೊಳ್ಳುವ, ಮಕ್ಕಳ ಓದು ಬಿಡಿಸುವ ಮೊದಲು ಮಲ್ಲಸಮುದ್ರವನ್ನು ನೆನೆಯಿರಿ; ಮನೆ ಕಟ್ಟಿರಿ, ತೋಟ ಮಾಡಿರಿ ಎಂದ ಯೆರೆಮೀಯನನ್ನು ನೆನೆಯಿರಿ.

ಅಜ್ಜನಿಗೆ ನಾವು ಹೀಗೆ ಹೇಳಬಹುದು: ನಮ್ಮ ಪುಸ್ತಕದಲ್ಲಿಯೂ ಕಾದವರಿದ್ದಾರೆ. ನಿಮ್ಮ ಹಿರಿಯರು ಕಲ್ಯಾಣವನ್ನು ಕಾದಂತೆ ಅವರೂ ನ್ಯಾಯದ ಅರಸನನ್ನು ಕಾದರು. ಆ ಅರಸನು ಯೇಸುವೆಂದು ನಾವು ನಂಬುತ್ತೇವೆ. ತಾರೀಖು ಹೊಂದಿತೆಂದಲ್ಲ, ಆತನು ಸತ್ತು ಎದ್ದನೆಂದು. ಅರಸರೆಲ್ಲ ಬಿಟ್ಟುಹೋದವರ ಮನೆಯಲ್ಲಿ ಆತನು ಬಂದು ರೊಟ್ಟಿ ಮುರಿದನೆಂದು.

ಅಜ್ಜನು ಒಪ್ಪಿಯಾನೋ ಇಲ್ಲವೋ, ಅದು ದೇವರ ಕೈಯಲ್ಲಿದೆ. ಆದರೆ ಆ ಉತ್ತರವನ್ನು ಕೊಟ್ಟ ಮೇಲೆ ಅವನಿಗೂ ಒಂದು ಪ್ರಶ್ನೆ ಕೇಳುವ ಹಕ್ಕಿದೆ: ಆ ಅರಸನು ಬಂದದ್ದು ನಿಜವಾದರೆ, ಅವನ ನ್ಯಾಯವು ನಿಮ್ಮ ಮನೆಯಲ್ಲಿ, ನಿಮ್ಮ ಕೂಲಿಯಾಳುಗಳಲ್ಲಿ, ನಿಮ್ಮ ಸೊಸೆಯಂದಿರಲ್ಲಿ ಕಾಣುತ್ತದೆಯೇ? ಪ್ರವಾದಿಗಳು ಕೇಳಿದ್ದೂ ಇದೇ ಪ್ರಶ್ನೆ. ಬರುವ ಕ್ರಿಸ್ಮಸ್ಸಿನ ಮೊದಲು ಅದಕ್ಕೆ ಉತ್ತರವನ್ನು ನಮ್ಮ ನಮ್ಮ ಮನೆಗಳಲ್ಲಿ ಹುಡುಕೋಣ.